ಆಟೋಮೇಷನ್ ಕಲಿಯುವವರು ಬರೆದಿಡುವುದನ್ನೂ ಕಲಿಯಲಿ

ಮಾನ್ಯ ಸಂಪಾದಕರೇ,

ನೇಕಾರರ ಊರಾದ ನಮ್ಮ ಬನಹಟ್ಟಿಯಲ್ಲಿ ಈಗ ಮದುವೆ ಮನೆಗೆ ಹೋದರೂ, ಸಂತೆಗೆ ಹೋದರೂ, ಐಟಿ ಕೆಲಸದಲ್ಲಿರುವ ನನ್ನಂಥವರಿಗೆ ಎದುರಾಗುವ ಪ್ರಶ್ನೆ ಒಂದೇ. "ಇನ್ನ ಮ್ಯಾಲ ಎಲ್ಲಾ ಮಷಿನ್ನೇ ಮಾಡ್ತೈತಿ ಅಂತಾರ, ನಮ್ಮ ಹುಡುಗ್ಗ ಕಂಪ್ಯೂಟರ್ ಸೈನ್ಸ್ ಕೊಡಸೂದು ಬ್ಯಾಡೇನ್ರಿ?" ಎಂದು ತಂದೆ-ತಾಯಂದಿರು ಕೇಳುತ್ತಾರೆ. ಪತ್ರಿಕೆಗಳಲ್ಲಿ ಈ ಕುರಿತು ಬರುವ ಬರಹಗಳೂ ಹೆಚ್ಚಾಗಿ ಎರಡು ತುದಿಗಳಲ್ಲೇ ನಿಲ್ಲುತ್ತವೆ: ಆಟೋಮೇಷನ್ ಎಲ್ಲರ ಕೆಲಸವನ್ನೂ ನುಂಗಲಿದೆ ಎಂಬುದು ಒಂದು ತುದಿ, ಮೂರು ತಿಂಗಳ ಕೋರ್ಸು ಮುಗಿಸಿದರೆ ಲಕ್ಷದ ಸಂಬಳ ಕಾದಿದೆ ಎಂಬುದು ಇನ್ನೊಂದು. ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸದ ಅನ್ನ ಉಣ್ಣುತ್ತಿರುವ ನನಗೆ ಇವೆರಡೂ ದಾರಿ ತಪ್ಪಿಸುವ ಮಾತುಗಳೆಂದೇ ತೋರುತ್ತವೆ. ಮತ್ತೆ ಮತ್ತೆ ಮಾಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದನ್ನೇ ಒಂದು ವೃತ್ತಿಯನ್ನಾಗಿ ಮಾಡಿಕೊಂಡು ಗೌರವವಾಗಿ ಬದುಕಬಹುದು. ಆದರೆ ಒಪ್ಪಿಸಿದ್ದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಬರೆದಿಟ್ಟು, ಅವರ ಕೈಗೆ ಕೊಟ್ಟು, ಅವರಿಂದ ತಿದ್ದಿಸಿಕೊಳ್ಳುವ ಅಭ್ಯಾಸವಿಲ್ಲದವನಿಗೆ ಆ ವೃತ್ತಿ ಬಹಳ ದಿನ ಕೈಹಿಡಿಯುವುದಿಲ್ಲ. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ಪೆಟ್ಟು ತಿಂದು ಕಲಿತದ್ದು. ಆ ಪೆಟ್ಟಿನ ಕತೆಗೆ ಮೊದಲು ಮಗ್ಗದ ಮಾತು ಸ್ವಲ್ಪ ಹೇಳಬೇಕು.

ನಮ್ಮ ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿದ್ದವು. ಅವುಗಳಲ್ಲಿ ಎರಡಕ್ಕೆ ಮೇಲೆ ಜಕಾರ್ಡ್ ಎಂಬ, ಚಿತ್ತಾರ ನೇಯಿಸುವ ಸಾಧನ ಕೂಡಿಸಿದ್ದರು. ತೂತು ಕೊರೆದ ರಟ್ಟಿನ ಪಟ್ಟಿಗಳನ್ನು ದಾರದಿಂದ ಒಂದಕ್ಕೊಂದು ಹೊಲಿದು ಮಾಲೆಯಂತೆ ಇಳಿಬಿಟ್ಟಿರುತ್ತಿದ್ದರು. ಮಗ್ಗ ಒಂದು ಸಲ ಬಡಿದರೆ ಒಂದು ಪಟ್ಟಿ ಮುಂದೆ ಸರಿದು ಸೂಜಿಗಳ ಎದುರು ನಿಲ್ಲುತ್ತದೆ. ತೂತು ಇದ್ದಲ್ಲಿ ಸೂಜಿ ಒಳಗೆ ಹೋಗುತ್ತದೆ, ಅದರ ಕೊಕ್ಕೆ ಹಾಸಿನ ಎಳೆಯನ್ನು ಮೇಲಕ್ಕೆತ್ತುತ್ತದೆ. ತೂತು ಇಲ್ಲದಲ್ಲಿ ರಟ್ಟು ಸೂಜಿಯನ್ನು ಹಿಂದಕ್ಕೆ ನೂಕುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ನಡುವಿನ ಸಂದಿನಲ್ಲಿ ಹೊಕ್ಕಿನ ಅಡ್ಡ ಎಳೆ ಹೊತ್ತ ಲಾಳಿ ಹಾಯುತ್ತದೆ. ಒಂದು ಹೊಕ್ಕಿಗೆ ಒಂದು ಪಟ್ಟಿ ಎಂದ ಮೇಲೆ ಒಂದು ಸೆರಗಿಗೆ ಎಷ್ಟು ಪಟ್ಟಿ ಬೇಕಾದೀತು ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ 1804-05ರ ಸುಮಾರಿಗೆ ರೂಪ ಕೊಟ್ಟ ಈ ಉಪಾಯವನ್ನೇ ಹೋಲುವ ತೂತಿನ ಕಾರ್ಡುಗಳಿಂದ ಹರ್ಮನ್ ಹಾಲರಿತ್ 1890ರಲ್ಲಿ ಅಮೆರಿಕದ ಜನಗಣತಿಯ ಲೆಕ್ಕ ಮಾಡಿದರು. ಅವರ ಕಂಪನಿ ಬೇರೆ ಕಂಪನಿಗಳೊಡನೆ ಕೂಡಿಕೊಂಡು, 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಹೀಗಾಗಿ ನಮ್ಮ ಭಾಗದ ನೇಕಾರರ ಮಕ್ಕಳು ಪ್ರೋಗ್ರಾಮ್ ಎಂದರೆ ಏನೋ ಪರದೇಶದ ವಿದ್ಯೆ ಎಂದು ಹೆದರಬೇಕಾದ ಕಾರಣವಿಲ್ಲ. ಅದು ಅವರ ಮನೆಯ ತೊಲೆಗೇ ತೂಗಾಡುತ್ತಿತ್ತು.

ನಮ್ಮ ಓಣಿಯಲ್ಲಿ ಈ ರಟ್ಟು ಕೊರೆಯುವ ಕಾಕಾ ಒಬ್ಬರಿದ್ದರು. ಚೌಕುಳಿ ಹಾಳೆಯ ಮೇಲೆ ಅಂಚಿನ ಚಿತ್ತಾರ ಬರೆದುಕೊಂಡು, ಚೌಕ ಚೌಕವನ್ನೂ ಎಣಿಸಿ ತೂತು ಹೊಡೆಯುತ್ತಿದ್ದರು. ಅವರಷ್ಟು ನಿಖರವಾಗಿ ಕೊರೆಯುವವರು ಸುತ್ತಲಿನ ಊರುಗಳಲ್ಲಿ ಇರಲಿಲ್ಲ ಎಂದು ಅಪ್ಪ ಈಗಲೂ ಹೇಳುತ್ತಾರೆ. ಆದರೆ ಕೊರೆದಾದ ಮೇಲೆ ಹಾಳೆಯನ್ನು ಹರಿದು ಒಲೆಗೆ ಹಾಕುವುದು ಅವರ ರೂಢಿ. ಬೇರೆಯವರು ನೋಡಿ ಕಲಿತರೆ ತಮ್ಮ ಗಿರಾಕಿ ಹೋದಾವೆಂಬ ಅಂಜಿಕೆ. ಯಾವ ಕಟ್ಟು ಯಾವ ಅಂಚಿನದು, ಎಷ್ಟು ಕೊಕ್ಕೆಯ ಜಕಾರ್ಡಿಗೆ ಹೊಂದುತ್ತದೆ ಎಂಬುದನ್ನೂ ಕಟ್ಟಿನ ಮೇಲೆ ಬರೆಯುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಅಟ್ಟದಲ್ಲಿ ಅರವತ್ತಕ್ಕೂ ಹೆಚ್ಚು ಕಟ್ಟುಗಳು ಉಳಿದವು. ಹಳೆಯ ವ್ಯಾಪಾರಿಯೊಬ್ಬರು ಹತ್ತು ವರ್ಷದ ಹಿಂದಿನ ಅಂಚನ್ನೇ ಮತ್ತೆ ಬೇಕೆಂದು ಕೇಳಿದಾಗ ಅಪ್ಪ ಮೂರು ಕಟ್ಟುಗಳನ್ನು ಮಗ್ಗಕ್ಕೆ ಏರಿಸಿ ನೋಡಿದರು. ಎರಡು ಬೇರೆ ಅಂಚಿನವು. ಮೂರನೆಯದರಲ್ಲಿ ನಡುವೆ ಇಲಿ ಕಡಿದು ನಾಲ್ಕೈದು ಪಟ್ಟಿಗಳೇ ಇರಲಿಲ್ಲ, ಹೂವಿನ ಮೇಲೆ ಹೂ ಕೂಡದೆ ಅಂಚು ಮುರಿದುಕೊಂಡಿತು. ಕೊನೆಗೆ ಆ ಅರವತ್ತು ಕಟ್ಟುಗಳೂ ರದ್ದಿಗೆ ಹೋದವು. ನನ್ನ ವೃತ್ತಿಯಲ್ಲಿ ದಿನವೂ ಕಾಣುವ ರೋಗವನ್ನು ನಾನು ಮೊದಲು ಕಂಡದ್ದು ಆ ಅಟ್ಟದಲ್ಲಿ ಎಂದು ತಿಳಿಯಲು ಬಹಳ ವರ್ಷ ಬೇಕಾದವು.

2006ರಲ್ಲಿ ಬೆಂಗಳೂರಿನ ಕಂಪನಿಯೊಂದರಲ್ಲಿ ರಾತ್ರಿ ಪಾಳಿಯ ಕೆಲಸಕ್ಕೆ ಸೇರಿದೆ. ಗಿರಾಕಿಗಳ 42 ಸರ್ವರುಗಳಲ್ಲಿ ಆ ರಾತ್ರಿಯ ಬ್ಯಾಕಪ್, ಎಂದರೆ ಕೆಟ್ಟರೆ ಇರಲೆಂದು ತೆಗೆದಿಡುವ ನಕಲು, ಆಗಿದೆಯೇ ಎಂದು ನೋಡುವುದು ನನ್ನ ಪಾಲಿನ ದುಡಿತ. ಒಂದೊಂದಕ್ಕೂ ಲಾಗಿನ್ ಆಗಬೇಕು, ಫೈಲು ಇದೆಯೇ ನೋಡಬೇಕು, ಅದರ ಗಾತ್ರವನ್ನು ಎಕ್ಸೆಲ್ ಹಾಳೆಯಲ್ಲಿ ತುಂಬಬೇಕು, ಬೆಳಿಗ್ಗೆ ಆರಕ್ಕೆ ಮೇಲ್ ಕಳಿಸಬೇಕು. ಎರಡೂವರೆ ಗಂಟೆ ಹಿಡಿಯುತ್ತಿತ್ತು. ಇಂಥ, ಎಷ್ಟು ಮಾಡಿದರೂ ಹಿಂದೆ ಏನನ್ನೂ ಉಳಿಸದ ಕೆಲಸಕ್ಕೆ ಗೂಗಲ್ಲಿನ ಎಂಜಿನಿಯರುಗಳು 'ಟಾಯ್ಲ್' ಎಂದು ಹೆಸರಿಟ್ಟು, ತಮ್ಮ ಸಮಯದ ಅರ್ಧಕ್ಕಿಂತ ಹೆಚ್ಚನ್ನು ಅದು ತಿನ್ನಬಾರದೆಂಬ ಮಿತಿ ಹಾಕಿಕೊಂಡಿದ್ದಾರೆ. ನಮ್ಮ ಕಡೆ ಇದಕ್ಕೆ ಕತ್ತಿ (ಕತ್ತೆ) ದುಡಿತ ಎಂಬ ಒಳ್ಳೆಯ ಮಾತೇ ಇದೆ. ಮೂರು ವಾರ ಹೆಣಗಾಡಿ ಒಂದು ಶೆಲ್ ಸ್ಕ್ರಿಪ್ಟ್, ಎಂದರೆ ಕಂಪ್ಯೂಟರಿಗೆ ಸಾಲು ಸಾಲಾಗಿ ಆಜ್ಞೆ ಕೊಡುವ ಚಿಕ್ಕ ಪ್ರೋಗ್ರಾಮ್, ಬರೆದೆ. ಬೆಳಗಿನ ಐದಕ್ಕೆ ತಾನಾಗಿ ಓಡುವಂತೆ, ಹೊತ್ತಿಗೆ ಸರಿಯಾಗಿ ಕೆಲಸ ಚಾಲೂ ಮಾಡುವ ಕ್ರಾನ್‌ಗೆ ಹಾಕಿದೆ. ಎರಡೂವರೆ ಗಂಟೆಯ ಕೆಲಸ ನಾಲ್ಕು ನಿಮಿಷಕ್ಕೆ ಇಳಿಯಿತು.

ಮತ್ತು ನಾನು ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಇನ್ನಷ್ಟು ಸರ್ವರು ತಲೆಗೆ ಕಟ್ಟುತ್ತಾರೆ, ಇಲ್ಲವೇ ಈ ಹುದ್ದೆಯೇ ಬೇಡವೆನ್ನುತ್ತಾರೆ ಎಂಬ ಅಂಜಿಕೆ. ರಟ್ಟು ಕೊರೆಯುವ ಕಾಕಾನದೇ ಅಂಜಿಕೆ. ನಾಲ್ಕು ತಿಂಗಳು ಆ ಸಮಯದಲ್ಲಿ ಚಹಾ ಕುಡಿದೆ, ನಿದ್ದೆ ಮಾಡಿದೆ ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯೇನಿಲ್ಲ. ತಂಗಿಯ ಮದುವೆಗೆಂದು ರಜೆ ಹಾಕಿ ಬನಹಟ್ಟಿಗೆ ಬಂದಿದ್ದೆ. ಅಕ್ಷತೆ ಬೀಳುವ ಹೊತ್ತಿಗೆ ಫೋನು ಬಂತು. ಒಂದು ಸರ್ವರಿನ ಡಿಸ್ಕ್ ಕೆಟ್ಟಿದೆ, ಬ್ಯಾಕಪ್ಪಿನಿಂದ ಮರಳಿ ತುಂಬಬೇಕು, ಆದರೆ ಸಿಕ್ಕಿರುವ ಫೈಲು ಹನ್ನೊಂದು ದಿನ ಹಳೆಯದು. ನಿನ್ನ ವರದಿಯಲ್ಲಿ ಮಾತ್ರ ಹನ್ನೊಂದು ದಿನವೂ 'ಎಲ್ಲ ಸರಿ' ಎಂದಿದೆ, ಹೇಗೆ? ಮಂಟಪದ ಹಿಂದೆ, ಅಡುಗೆಯ ಹಂಡೆಗಳ ನಡುವೆ ನಿಂತು ನನಗೆ ಕಾರಣ ಹೊಳೆಯಿತು. ನನ್ನ ಸ್ಕ್ರಿಪ್ಟ್ ಫೈಲು ಇದೆಯೇ, ಅದರ ಗಾತ್ರ ಸೊನ್ನೆಗಿಂತ ಹೆಚ್ಚಿದೆಯೇ ಎಂದಷ್ಟೇ ನೋಡುತ್ತಿತ್ತು. ಅದು ಯಾವ ದಿನದ ಫೈಲು ಎಂದು ನೋಡುತ್ತಿರಲಿಲ್ಲ. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸುವ ನಿಯಮದಂತೆ ಬ್ಯಾಕಪ್ ಖಾತೆಯ ಪಾಸ್‌ವರ್ಡ್ ಬದಲಾಗಿ, ಬ್ಯಾಕಪ್ಪೇ ನಿಂತುಹೋಗಿತ್ತು. ಹಳೆಯ ಫೈಲು ಅಲ್ಲೇ ಬಿದ್ದಿತ್ತು, ನನ್ನ ಸ್ಕ್ರಿಪ್ಟ್ ದಿನವೂ ಅದಕ್ಕೇ ಶರಣು ಹೇಳಿ ಬರುತ್ತಿತ್ತು. ಕೈಯಿಂದ ನೋಡುತ್ತಿದ್ದಾಗ ತಾರೀಖು ತಾನಾಗಿ ಕಣ್ಣಿಗೆ ಬೀಳುತ್ತಿತ್ತು. ಕಣ್ಣು ಮಾಡುತ್ತಿದ್ದ ಆ ಕೆಲಸವನ್ನು ಯಂತ್ರಕ್ಕೆ ಹೇಳಿಕೊಡಬೇಕೆಂದು ನನಗೆ ತೋಚಿರಲಿಲ್ಲ. ಗಿರಾಕಿಯ ಕಚೇರಿಯವರು ಹನ್ನೊಂದು ದಿನದ ಲೆಕ್ಕವನ್ನು ಕಾಗದದ ರಸೀದಿಗಳಿಂದ ಮತ್ತೆ ತುಂಬಿಕೊಂಡರು.

ಕೆಲಸ ಹೋಗಲಿಲ್ಲ. ನಮ್ಮ ತಂಡದ ಹಿರಿಯ ಮೇಡಂ ಒಬ್ಬರು ಸ್ಕ್ರಿಪ್ಟನ್ನು ತೆರೆಸಿ ಓದಿ, "ಇಲ್ಲಿ ತಪ್ಪಿರುವುದು ಒಂದು ಸಾಲು. ಇದನ್ನು ಇನ್ನೊಬ್ಬರು ಯಾರಾದರೂ ಓದಿದ್ದರೆ ಮೊದಲನೆಯ ದಿನವೇ ಸಿಗುತ್ತಿತ್ತು" ಎಂದರು. ಬೈಗುಳಕ್ಕಿಂತ ಹೆಚ್ಚು ನಾಟಿದ್ದು ಆ ಮಾತು. ಜ್ಞಾನ ಹಂಚುವುದೆಂದರೆ ಉಳ್ಳವನು ಇಲ್ಲದವನಿಗೆ ಮಾಡುವ ಉಪಕಾರ ಎಂದು ನಾನು ತಿಳಿದಿದ್ದೆ. ನನ್ನ ತಪ್ಪು ನನಗೆ ಸಿಗುವ ದಾರಿಯೂ ಅದೇ ಎಂಬುದು ಅಂದು ಗೊತ್ತಾಯಿತು.

ಇಂಥದ್ದು ನನ್ನಂಥ ಹೊಸಬನಿಗೆ ಮಾತ್ರ ಆಗುವುದೆಂದು ಯಾರೂ ತಿಳಿಯಬಾರದು. ಜಗತ್ತಿನ ಪ್ರೋಗ್ರಾಮರುಗಳ ಕೋಡ್ ಕಾಯ್ದುಕೊಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ 2017ರ ಜನವರಿ 31ರಂದು ದಣಿದಿದ್ದ ಎಂಜಿನಿಯರರೊಬ್ಬರು ಎರಡನೆಯ ಸರ್ವರಿನಲ್ಲಿ ಅಳಿಸಬೇಕಾದ ದತ್ತಾಂಶದ ಕಡತಕೋಶವನ್ನು ಮುಖ್ಯ ಸರ್ವರಿನಲ್ಲಿ ಅಳಿಸಿಬಿಟ್ಟರು. ತಪ್ಪು ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಮಾತ್ರ ಉಳಿದಿತ್ತು. ಬ್ಯಾಕಪ್ ತೆಗೆಯೋಣವೆಂದರೆ, ದಿನವೂ ತಾನಾಗಿ ಆಗುತ್ತಿದೆ ಎಂದು ಎಲ್ಲರೂ ನಂಬಿದ್ದ ಬ್ಯಾಕಪ್ ಆಗಿಯೇ ಇರಲಿಲ್ಲ: ಡೇಟಾಬೇಸ್ 9.6ನೇ ಆವೃತ್ತಿಯದು, ಬ್ಯಾಕಪ್ ಮಾಡುವ ಉಪಕರಣ 9.2ನೇ ಆವೃತ್ತಿಯದಾಗಿ ಓಡುತ್ತಿತ್ತು, ಎರಡೂ ಹೊಂದದೆ ಕೆಲಸ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ಹೇಳುವ ಎಚ್ಚರಿಕೆಯ ಇಮೇಲುಗಳೂ ಹೋಗುತ್ತಿದ್ದವು, ಆದರೆ ಸರಿಯಾದ ಸಹಿಯಿಲ್ಲವೆಂದು ಆ ಕಡೆಯ ಮೇಲ್ ಸರ್ವರು ಅವನ್ನು ತಿರಸ್ಕರಿಸುತ್ತಿತ್ತು. ಉಳಿಸಿದ್ದು, ಅದೇ ಎಂಜಿನಿಯರು ಬೇರೆ ಯಾವುದೋ ಪರೀಕ್ಷೆಗೆಂದು ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟಿದ್ದ ಒಂದು ನಕಲು. ಆ ಕಂಪನಿ ಮುಂದೆ ಮಾಡಿದ್ದನ್ನು ನಾನು ಪ್ರತಿ ಹೊಸ ಹುಡುಗನಿಗೂ ಹೇಳುತ್ತೇನೆ: ದುರಸ್ತಿಯ ಕೆಲಸವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿತು; ಎಲ್ಲಿ, ಯಾವ ನಿಮಿಷಕ್ಕೆ, ಏನು ತಪ್ಪಿತು ಎಂಬುದನ್ನು ಉದ್ದವಾದ ವರದಿಯಾಗಿ ಬರೆದು ಎಲ್ಲರ ಮುಂದೆ ಇಟ್ಟಿತು; ವರದಿಯಲ್ಲಿ ಆ ಎಂಜಿನಿಯರರ ಹೆಸರು ಹಾಕದೆ 'ತಂಡದ ಸದಸ್ಯ 1' ಎಂದಷ್ಟೇ ಕರೆಯಿತು. ಆ ವರದಿ ಓದಿದ ಮೇಲೆ ನಾನೇ ನಮ್ಮಲ್ಲಿನ ಎಚ್ಚರಿಕೆಯ ಇಮೇಲುಗಳು ನಿಜವಾಗಿ ತಲುಪುತ್ತವೆಯೇ ಎಂದು ಪರೀಕ್ಷಿಸಿದೆ. ಒಂದು ತಲುಪುತ್ತಿರಲಿಲ್ಲ.

ಬರೆದಿಡದಿದ್ದುದರ ಬೆಲೆ ಹಣದಲ್ಲಿ ಎಷ್ಟಾದೀತು ಎಂಬುದಕ್ಕೆ ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟಿನ ಸಂಸ್ಥೆಯ ಪ್ರಸಂಗವಿದೆ. 2012ರ ಆಗಸ್ಟ್ 1ರಂದು ಎಂಟು ಸರ್ವರುಗಳ ಪೈಕಿ ಏಳರಲ್ಲಿ ಹೊಸ ಕೋಡ್ ಇತ್ತು, ಒಂದರಲ್ಲಿ ಹಾಕಲು ಮರೆತಿದ್ದರು. ಆ ಒಂದರಲ್ಲಿದ್ದ ಹಳೆಯ ಕೋಡ್ ಎಚ್ಚೆತ್ತು ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ನಷ್ಟ ತಂದಿತು. ಅಲ್ಲಿನ ನಿಯಂತ್ರಣ ಸಂಸ್ಥೆ ತನಿಖೆ ಮಾಡಿ ಹೇಳಿದ್ದೇನೆಂದರೆ, ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ನೋಡಬೇಕೆಂಬ ಲಿಖಿತ ಕ್ರಮವೇ ಅಲ್ಲಿರಲಿಲ್ಲ.

ನನ್ನ ವಿಷಯಕ್ಕೆ ಮರಳುತ್ತೇನೆ. ಮೇಡಂ ಹೇಳಿದಂತೆ ಸ್ಕ್ರಿಪ್ಟನ್ನು ತಿದ್ದಿ, ಅದರ ಜೊತೆ ಎರಡು ಪುಟದ ಟಿಪ್ಪಣಿ ಬರೆದೆ. ಬಹಳ ಚೆನ್ನಾಗಿದೆ ಎಂದುಕೊಂಡು, ಹೊಸದಾಗಿ ಸೇರಿದ್ದ ಚಿಕ್ಕೋಡಿ ಕಡೆಯ ಹುಡುಗನ ಕೈಗೆ ಕೊಟ್ಟು, ಬಾಯಿ ಬಿಡದೆ ಪಕ್ಕದಲ್ಲಿ ಕುಳಿತೆ. ಅವನು ಮೂರನೆಯ ಸಾಲಿಗೇ ನಿಂತ. 'ಮುಖ್ಯ ಸರ್ವರಿಗೆ ಹೋಗಿ' ಎಂದು ಬರೆದಿದ್ದೆ. ಯಾವುದು ಮುಖ್ಯ ಸರ್ವರು ಎಂಬುದು ನನ್ನ ತಲೆಯಲ್ಲಿತ್ತೇ ಹೊರತು ಹಾಳೆಯಲ್ಲಿರಲಿಲ್ಲ. ಸಂಜೆಯ ಹೊತ್ತಿಗೆ ಅಂಥ ಏಳು ಕಡೆ ತಿದ್ದಿದೆ. ಅಂದಿನಿಂದ ಇಂದಿನವರೆಗೂ ಟಿಪ್ಪಣಿಯೊಂದು ಸರಿಯಾಗಿದೆಯೇ ಎಂದು ತಿಳಿಯಲು ನನಗೆ ಗೊತ್ತಿರುವ ಪರೀಕ್ಷೆ ಇದೊಂದೇ: ಬರೆದವನು ಸುಮ್ಮನಿರಬೇಕು, ಗೊತ್ತಿಲ್ಲದವನು ಓದಿ ಮಾಡಿ ಮುಗಿಸಬೇಕು. ಏನು ಮಾಡಬೇಕೆಂಬುದನ್ನು ಎಲ್ಲರೂ ಬರೆಯುತ್ತಾರೆ. ಏಕೆ ಹಾಗೆ ಮಾಡಿದೆ, ಮೊದಲು ಯಾವ ದಾರಿ ಹಿಡಿದು ಬಿಟ್ಟುಕೊಟ್ಟೆ, ನಡುವೆ ಕೈಕೊಟ್ಟರೆ ಹಿಂದಿನ ಸ್ಥಿತಿಗೆ ಹೇಗೆ ಮರಳಬೇಕು ಎಂಬುದನ್ನು ಬರೆಯುವವರು ಕಡಿಮೆ. ರಾತ್ರಿ ಎರಡು ಗಂಟೆಗೆ ಎದ್ದು ಕುಳಿತವನಿಗೆ ಬೇಕಾಗುವುದು ಅದೇ.

ಕೈಯಲ್ಲಿದ್ದ ವಿದ್ಯೆಯನ್ನು ಹಾಳೆಗೆ ಇಳಿಸಿದರೆ ನನ್ನ ಅಗತ್ಯ ತೀರಿತು ಎಂಬ ಭಯ ಸುಳ್ಳೆಂದು ನಾನು ಹೇಳಲಾರೆ. ಹಾಗೆ ನಡೆಸಿಕೊಳ್ಳುವ ಕಂಪನಿಗಳೂ ಇವೆ. ಆದರೆ ನಾನು ಕಂಡಂತೆ, ರಾತ್ರಿ ಪಾಳಿಯಿಂದ ನನ್ನನ್ನು ಹೊರಗೆ ತಂದದ್ದು ಆ ಎರಡು ಪುಟಗಳೇ. ಆ ಕೆಲಸವನ್ನು ಚಿಕ್ಕೋಡಿಯ ಹುಡುಗ ಮಾಡಬಲ್ಲವನಾಗಿದ್ದರಿಂದ ನನ್ನನ್ನು ಬೇರೆ ತಂಡಕ್ಕೆ ಬಿಟ್ಟುಕೊಡಲು ಮೇಲಿನವರಿಗೆ ಸಾಧ್ಯವಾಯಿತು. ನಮ್ಮೊಡನೆಯೇ ಸೇರಿದ್ದ, ನನಗಿಂತ ಜಾಣನಾದ ಗೆಳೆಯನೊಬ್ಬ ಎಲ್ಲವನ್ನೂ ತನ್ನ ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಂಡ. ಅವನಿಲ್ಲದೆ ನಡೆಯುವುದಿಲ್ಲ ಎಂಬ ಕಾರಣಕ್ಕೇ ಏಳು ವರ್ಷ ಅವನನ್ನು ಅದೇ ಕುರ್ಚಿಯಲ್ಲಿ ಕೂರಿಸಿದರು. ಜ್ವರ ಬಂದರೂ ಫೋನು ಬಿಡಲಿಲ್ಲ.

ಯಾವ ಉಪಕರಣ ಕಲಿಯಬೇಕೆಂದು ವಿದ್ಯಾರ್ಥಿಗಳು ಕೇಳುತ್ತಾರೆ. ಲಿನಕ್ಸಿನ ಶೆಲ್, ಪೈಥಾನ್, ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡಲು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಮಾಡಿದ ಗಿಟ್, ನೂರಾರು ಸರ್ವರುಗಳನ್ನು ಒಂದೇ ಹದಕ್ಕೆ ತರಲು 2012ರಲ್ಲಿ ಬಂದ ಆನ್ಸಿಬಲ್: ಇಷ್ಟು ಬಂದರೆ ಮೊದಲ ಕೆಲಸಕ್ಕೆ ಸಾಕು, ಇವೆಲ್ಲ ಪುಕ್ಕಟೆ ಸಿಗುವಂಥವು. ಹೆಸರುಗಳು ಬದಲಾಗುತ್ತಲೇ ಇರುತ್ತವೆ. ಬದಲಾಗದ ಒಂದು ಗುಣವನ್ನು ಮಾತ್ರ ಬಿಡಿಸಿ ಹೇಳುತ್ತೇನೆ, ಏಕೆಂದರೆ ಕೋರ್ಸುಗಳಲ್ಲಿ ಅದನ್ನು ಎರಡು ನಿಮಿಷದಲ್ಲಿ ದಾಟಿಸಿಬಿಡುತ್ತಾರೆ. ಒಳ್ಳೆಯ ಸ್ಕ್ರಿಪ್ಟನ್ನು ಒಂದು ಸಲ ಓಡಿಸಿದರೂ ಹತ್ತು ಸಲ ಓಡಿಸಿದರೂ ಕೊನೆಯ ಸ್ಥಿತಿ ಒಂದೇ ಆಗಿರಬೇಕು. 'ಈ ಫೈಲಿಗೆ ಈ ಸಾಲು ಸೇರಿಸು' ಎಂದು ಬರೆದರೆ ಹತ್ತು ಸಲ ಓಡಿದಾಗ ಹತ್ತು ಸಾಲು ಸೇರುತ್ತವೆ. 'ಈ ಫೈಲಿನಲ್ಲಿ ಈ ಸಾಲು ಇರಬೇಕು, ಇಲ್ಲದಿದ್ದರೆ ಮಾತ್ರ ಸೇರಿಸು' ಎಂದು ಬರೆದರೆ ಒಂದೇ ಇರುತ್ತದೆ. ಹೊಲಕ್ಕೆ ನೀರು ಬಿಡುವವನಿಗೆ 'ಮೋಟಾರು ಗುಂಡಿ ಒತ್ತಿ ಬಾ' ಎನ್ನುವುದಕ್ಕೂ 'ಮೋಟಾರು ಚಾಲೂ ಇರಲಿ, ನೋಡಿ ಬಾ' ಎನ್ನುವುದಕ್ಕೂ ಇರುವಷ್ಟೇ ವ್ಯತ್ಯಾಸ ಇದು. ಕರೆಂಟು ಹೋಗಿ ಅರ್ಧಕ್ಕೆ ನಿಂತ ಕೆಲಸವನ್ನು ಹೆದರದೆ ಮತ್ತೆ ಮೊದಲಿನಿಂದ ಓಡಿಸಬಹುದಾದದ್ದು ಎರಡನೆಯ ಬಗೆಯಲ್ಲಿ ಮಾತ್ರ.

ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಬಿ.ಕಾಂ. ಓದಿದ ನನ್ನ ಅಣ್ಣನ ಮಗಳು ನಮ್ಮ ಭಾಗದ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಕೆಲಸ ಮಾಡುತ್ತಾಳೆ. ಹದಿನಾಲ್ಕು ಜನ ಪಿಗ್ಮಿ ಏಜೆಂಟರು ತಿಂಗಳ ಕೊನೆಗೆ ತಮ್ಮ ತಮ್ಮ ಎಕ್ಸೆಲ್ ಹಾಳೆಗಳನ್ನು ಕಳಿಸುತ್ತಾರೆ; ಅವನ್ನೆಲ್ಲ ಒಂದು ಮಾಡಿ ಖಾತೆವಾರು ತಾಳೆ ನೋಡಲು ಅವಳಿಗೆ ಎರಡು ದಿನ ಬೇಕಾಗುತ್ತಿತ್ತು. ಅವಳೇ ಮೂರು ತಿಂಗಳು ಸಂಜೆ ಕುಳಿತು ಪೈಥಾನ್ ಕಲಿತು ಅರವತ್ತು ಸಾಲು ಬರೆದಳು. ಈಗ ತಾಳೆ ನೋಡುವುದೂ ಸೇರಿ ನಲವತ್ತು ನಿಮಿಷ. ಆ ಅರವತ್ತು ಸಾಲುಗಳಿಗಿಂತ ನನಗೆ ಹಿಡಿಸಿದ್ದು ಅವಳು ಕನ್ನಡದಲ್ಲಿ ಬರೆದಿಟ್ಟಿರುವ ನೋಟ್‌ಬುಕ್ಕು. ಒಬ್ಬ ಏಜೆಂಟರು 03-04 ಎಂದು ಬರೆದರೆ ಏಪ್ರಿಲ್ 3, ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅದೇ ಮಾರ್ಚ್ 4 ಆಗುತ್ತದೆ. ಹಿರೇಮಠ ಎಂಬ ಅಡ್ಡಹೆಸರು ಇಂಗ್ಲಿಷಿನಲ್ಲಿ ಮೂರು ಬಗೆಯಾಗಿ ಬರುತ್ತದೆ, ಆದ್ದರಿಂದ ಹೆಸರಿನಿಂದ ಹುಡುಕಬಾರದು, ಖಾತೆ ನಂಬರಿನಿಂದಲೇ ಹುಡುಕಬೇಕು. ಒಟ್ಟು ಮೊತ್ತ ಹೊಂದದಿದ್ದರೆ ಸ್ಕ್ರಿಪ್ಟ್ ಮುಂದುವರಿಯದೆ ನಿಲ್ಲುತ್ತದೆ, ಆಗ ಮೊದಲು ಇಂಥಿಂಥ ಎರಡು ಹಾಳೆ ನೋಡಿರಿ ಎಂದೆಲ್ಲ ಬರೆದಿದ್ದಾಳೆ. ಹೋದ ವರ್ಷ ಹೆರಿಗೆಗೆಂದು ಅವಳು ಆರು ತಿಂಗಳು ರಜೆಯಲ್ಲಿದ್ದಾಗ, ಕಂಪ್ಯೂಟರೆಂದರೆ ದೂರ ಸರಿಯುತ್ತಿದ್ದ ಐವತ್ತು ದಾಟಿದ ಗುಮಾಸ್ತರೊಬ್ಬರು ಆ ನೋಟ್‌ಬುಕ್ಕನ್ನು ಎದುರಿಗಿಟ್ಟುಕೊಂಡು ಆರೂ ತಿಂಗಳ ಲೆಕ್ಕ ಮುಗಿಸಿದರು. ಅವಳಿಗೆ ಒಂದು ಫೋನೂ ಬರಲಿಲ್ಲ. ಅವಳ ಚಿಕ್ಕಪ್ಪನಾದ ನನಗೆ ತಂಗಿಯ ಮದುವೆಯಲ್ಲಿ ಬಂದಿತ್ತು.

ಹಂಚಬಾರದ್ದೂ ಇದೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಪಾಸ್‌ವರ್ಡನ್ನು ಸ್ಕ್ರಿಪ್ಟಿನೊಳಗೇ ಬರೆದು ಅದನ್ನು ಎಲ್ಲರಿಗೂ ಕಾಣುವಲ್ಲಿ ಹಾಕುವ ಹುಡುಗರನ್ನು ಕಂಡಿದ್ದೇನೆ. ಆಮೇಲೆ ಅಳಿಸಿದರೂ ಗಿಟ್‌ನ ಹಳೆಯ ದಾಖಲೆಯಲ್ಲಿ ಅದು ಉಳಿದೇ ಇರುತ್ತದೆ. ಗಿರಾಕಿಯ ಹೆಸರು, ಖಾತೆ, ವಿಳಾಸ ಯಾವುದೂ ನಮ್ಮ ಆಸ್ತಿಯಲ್ಲ. ಕಂಪನಿಯ ಕೋಡ್ ಕಂಪನಿಯದು. ಕಲಿತ ಪಾಠ ನಮ್ಮದು, ಹಂಚಬೇಕಾದದ್ದು ಅದನ್ನು.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಇದೆಲ್ಲ ಏಕೆ ಎಂಬ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು. ಸ್ಕ್ರಿಪ್ಟನ್ನು ಅದು ಒಂದು ನಿಮಿಷದಲ್ಲಿ ಬರೆದುಕೊಡುತ್ತದೆ, ನಾನೂ ಬರೆಸುತ್ತೇನೆ. ಆದರೆ ಹಿರೇಮಠರ ಹೆಸರು ಮೂರು ಬಗೆಯಾಗಿ ಬರುತ್ತದೆಂಬುದು ಅದಕ್ಕೆ ಗೊತ್ತಿಲ್ಲ. ಯಾರಾದರೂ ಬರೆದಿಟ್ಟು ಅದಕ್ಕೆ ಕೊಟ್ಟರೆ ಮಾತ್ರ ಗೊತ್ತಾಗುತ್ತದೆ. ಕೋಡ್ ಬರೆಯುವುದು ಸುಲಭವಾದಷ್ಟೂ ಕೆಲಸವನ್ನು ಬಲ್ಲವನ, ಬಲ್ಲದ್ದನ್ನು ತಿಳಿಯಾಗಿ ಬರೆಯಬಲ್ಲವನ ಬೆಲೆ ಏರುತ್ತಿರುವುದನ್ನು ನಾನು ನೇಮಕದ ಸಂದರ್ಶನಗಳಲ್ಲಿ ಕುಳಿತು ನೋಡುತ್ತಿದ್ದೇನೆ.

ಬರೆದು ಹಂಚುವ ವಿಷಯದಲ್ಲಿ ನಮ್ಮ ಭಾಗಕ್ಕೆ ಯಾರೂ ಹೊಸದಾಗಿ ಪಾಠ ಹೇಳಬೇಕಾಗಿಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು, ಜನರ ಮನೆಗಳಲ್ಲಿ ಬಟ್ಟೆ ಸುತ್ತಿ ಜಗುಲಿಯ ಮೇಲಿಟ್ಟಿದ್ದ ವಚನಗಳ ತಾಡೋಲೆ ಕಟ್ಟುಗಳನ್ನು ಬೇಡಿ ತಂದು ನಕಲು ಮಾಡಿದರು. ನಮ್ಮ ರಬಕವಿ-ಬನಹಟ್ಟಿಯ ಮನೆಯೊಂದರಲ್ಲಿ ಕಂಡ ಕಟ್ಟುಗಳೂ ಅವುಗಳಲ್ಲಿದ್ದವು. ಅಚ್ಚು ಹಾಕಲು ತಮ್ಮದೇ ಮುದ್ರಣಾಲಯ ಮಾಡಿದರು, ಅದಕ್ಕಾಗಿ ಇದ್ದ ಮನೆಯನ್ನು ಮಾರಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿ ದಶಕಗಳ ಕಾಲ ನಡೆಸಿದರು. ಕಟ್ಟುಗಳಿಗೆ ಪೂಜೆಯೇನೋ ಅದಕ್ಕೂ ಮೊದಲೇ ನಡೆಯುತ್ತಿತ್ತು, ಓದುವವರಿರಲಿಲ್ಲ. ಇಂದು ಕಂಪನಿಗಳಲ್ಲಿ ಒಬ್ಬೊಬ್ಬರ ಲ್ಯಾಪ್‌ಟಾಪಿನಲ್ಲಿ ಮುಟ್ಟಲು ಎಲ್ಲರೂ ಹೆದರುವ ಸ್ಕ್ರಿಪ್ಟುಗಳನ್ನು ಕಂಡಾಗ ನನಗೆ ಆ ಜಗುಲಿಯೇ ನೆನಪಾಗುತ್ತದೆ.

ಆದ್ದರಿಂದ ನಮ್ಮ ಭಾಗದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಮುಖ್ಯವಾಗಿ ಬೆಳಗಾವಿಯಲ್ಲೇ ಕೇಂದ್ರ ಕಚೇರಿಯಿರುವ, 1998ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯ ರೂಪಿಸುವವರಲ್ಲಿ ನನ್ನದೊಂದು ವಿನಂತಿ. ಕೊನೆಯ ವರ್ಷದ ಪ್ರಾಜೆಕ್ಟ್ ವರದಿಯೆಂದರೆ ಬಹಳ ಕಡೆ ಹಳೆಯ ವರ್ಷದ ವರದಿಗೆ ಹೊಸ ರಟ್ಟು ಎಂಬಂತಾಗಿದೆ. ನಾನು ಓದುವಾಗಲೂ ಹಾಗೇ ಇತ್ತು, ನಾನೂ ಹಾಗೇ ಮಾಡಿದೆ. ಬಂಗಾರದ ಅಕ್ಷರದ ಹೊದಿಕೆ ಹಾಕಿಸಿದ ಎಂಬತ್ತು ಪುಟದ ಆ ಪುಸ್ತಕವನ್ನು ನೋಡಿ ಮುಂದಿನ ವರ್ಷದವರು ಆ ಪ್ರಾಜೆಕ್ಟನ್ನು ಓಡಿಸಬಲ್ಲರೇ ಎಂದು ಯಾರೂ ಕೇಳುವುದಿಲ್ಲ. ಒಂದು ತಂಡದ ಪ್ರಾಜೆಕ್ಟನ್ನು ಇನ್ನೊಂದು ತಂಡದವರು, ಮಾಡಿದವರನ್ನು ಏನೂ ಕೇಳದೆ, ಬರೆದಿಟ್ಟ ಟಿಪ್ಪಣಿಯನ್ನಷ್ಟೇ ಓದಿ, ಪ್ರಯೋಗಾಲಯದಲ್ಲಿ ನಡೆಸಿ ತೋರಿಸಲಿ. ಅಂಕಗಳಲ್ಲಿ ಒಂದು ಪಾಲು ಅದಕ್ಕಿರಲಿ. ಟಿಪ್ಪಣಿ ಕನ್ನಡದಲ್ಲಿದ್ದರೂ ಅಂಕ ಕಡಿಮೆಯಾಗದಿರಲಿ. ಸರ್ವರ್, ಫೈಲ್, ಬ್ಯಾಕಪ್ ಎಂಬ ಪದಗಳನ್ನು ಹಾಗೆಯೇ ಇಟ್ಟುಕೊಂಡು ಉಳಿದದ್ದನ್ನು ಮನೆಯ ಮಾತಿನಲ್ಲಿ ಬರೆದರೆ ಏನೂ ಕೆಡುವುದಿಲ್ಲ. ಇದಕ್ಕೆ ಹೊಸ ಕಟ್ಟಡ ಬೇಡ, ಅನುದಾನ ಬೇಡ, ಒಂದು ಸುತ್ತೋಲೆ ಸಾಕು.

ಎರಡು ವರ್ಷದಿಂದ ನಾನು ಬನಹಟ್ಟಿಯ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ಮಗ್ಗ ತೆಗೆದ ಶೆಡ್ಡಿನಲ್ಲಿ ಭಾನುವಾರ ಬೆಳಿಗ್ಗೆ ಎಂಟು-ಹತ್ತು ಹುಡುಗ ಹುಡುಗಿಯರು ತಮ್ಮ ಲ್ಯಾಪ್‌ಟಾಪು ಹಿಡಿದು ಬರುತ್ತಾರೆ. ಕಳೆದ ವಾರ ಅವರಿಗೆ 2006ರ ನನ್ನ ಆ ಬ್ಯಾಕಪ್ ಸ್ಕ್ರಿಪ್ಟನ್ನು ನೆನಪಿನಿಂದ, ಗಿರಾಕಿಯ ವಿವರ ಯಾವುದೂ ಇಲ್ಲದಂತೆ ಮತ್ತೆ ಬರೆದು ಕೊಟ್ಟು, ಅದರ ಕತೆ ಹೇಳದೆ ಓದಲು ಬಿಟ್ಟೆ. ಹತ್ತು ನಿಮಿಷ ಆಗಿರಲಿಲ್ಲ, ತೇರದಾಳದಿಂದ ಬರುವ ಡಿಪ್ಲೊಮಾ ಹುಡುಗನೊಬ್ಬ ಕೈಯೆತ್ತಿ, "ಸರ್, ಫೈಲ್ ಐತೋ ಇಲ್ಲೋ ನೋಡೀರಿ, ಯಾವತ್ತಿನದು ಅಂತ ನೋಡೇ ಇಲ್ಲಲ್ರೀ" ಎಂದ. ಆ ಸಾಲನ್ನು ಅವನಿಂದಲೇ ತಿದ್ದಿಸಿ, ಟಿಪ್ಪಣಿಯ ಕೊನೆಯಲ್ಲಿ 'ತಿದ್ದಿದವರು' ಎಂಬಲ್ಲಿ ಅವನ ಹೆಸರು ಬರೆಸಿದ್ದೇನೆ.

ಇಂತಿ ನಿಮ್ಮ ಓದುಗ,
ರಬಕವಿ-ಬನಹಟ್ಟಿ, ಬಾಗಲಕೋಟೆ ಜಿಲ್ಲೆ